ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೆ 40 ನಿಮಿಷದ ಮ್ಯಾಕ್‌ಬೆತ್: ಏನು ಬಿಡಲಿ, ಏನು ಇಟ್ಟುಕೊಳ್ಳಲಿ?

ತಾಲೀಮು_ಟೀಚರ್

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ, ಉದ್ದವಾದರೆ ಬೈಕೊಳ್ಳಬೇಡಿ.

ನನ್ನ ತರಗತಿಯಲ್ಲಿ 12–13 ವರ್ಷದ 28 ಮಕ್ಕಳಿದ್ದಾರೆ. ಯಾರ ಮನೆಮಾತೂ ಇಂಗ್ಲಿಷ್ ಅಲ್ಲ. ಓದಲು ಬರುತ್ತದೆ, ಮಾತಾಡು ಅಂದರೆ ನೆಲ ನೋಡುತ್ತಾರೆ. ನಾಟಕ ಆಡಿಸಿದರೆ ಬಾಯಿ ಬಿಡಬಹುದು ಅಂತ ಹುಮ್ಮಸ್ಸಿನಲ್ಲಿ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಒಪ್ಪಿಕೊಂಡುಬಿಟ್ಟೆ. ಕೊಟ್ಟಿರುವ ಸಮಯ 40 ನಿಮಿಷ. ಎರಡು ವಾರ ಕೂತು ನಾಟಕದ ಮುಖ್ಯ ದೃಶ್ಯಗಳನ್ನೆಲ್ಲ ಈಗಿನ ಸುಲಭ ಇಂಗ್ಲಿಷ್‌ನಲ್ಲಿ ಬರೆದೆ. ಕಷ್ಟದ ಪದ ಒಂದೂ ಇಲ್ಲ, ಹುಡುಕಿ ಹುಡುಕಿ ತೆಗೆದಿದ್ದೇನೆ.

ಮೊನ್ನೆ ಮಕ್ಕಳ ಕೈಲಿ ಓದಿಸಿದೆ. ಓದಿದರು. ಅರ್ಥವೂ ಆಯಿತು. ಆದರೆ ಸಪ್ಪೆ ಅಂದರೆ ಸಪ್ಪೆ. ರಾಜನನ್ನು ಕೊಂದು ಬಂದವನು ಬಸ್ಸು ತಪ್ಪಿಸಿಕೊಂಡವನ ಹಾಗೆ ಮಾತಾಡುತ್ತಾನೆ. ಹಿಂದೆ ಕೂತಿದ್ದ ಒಬ್ಬ ಹುಡುಗ, ‘ಮಿಸ್, ಇದು ಭಯದ ನಾಟಕ ಅಂದ್ರಿ, ಭಯ ಯಾವ ಪುಟದಲ್ಲಿ ಬರುತ್ತೆ?’ ಅಂತ ಕೇಳಿದ. ಉತ್ತರ ಇರಲಿಲ್ಲ ನನ್ನ ಹತ್ತಿರ.

ಮೂಲ ಕೊಟ್ಟರೆ ಎರಡನೇ ಸಾಲಿಗೇ ಓಡಿಹೋಗುತ್ತಾರೆ. ಸುಲಭ ಮಾಡಿದರೆ ನಾಟಕವೇ ಓಡಿಹೋಯಿತು. ಮಧ್ಯದ ದಾರಿ ಇದೆಯಾ?

ಕತ್ತರಿ_ಕೈ

ಟೀಚರ್, ಬೇಜಾರು ಮಾಡಿಕೊಳ್ಳಬೇಡಿ, ನೀವು ಬರೆದಿರುವುದು ಕತೆಯ ಸಾರಾಂಶ. ಅದನ್ನು ಪಾತ್ರಗಳ ಬಾಯಿಗೆ ಹಂಚಿದ್ದೀರಿ ಅಷ್ಟೇ. ನಾನೂ ಮೊದಲ ಸಲ ಹೀಗೇ ಮಾಡಿದ್ದೆ.

ಈಗ ನಾನು ಒಂದು ಪದವನ್ನೂ ಬದಲಿಸದೆ ಶುರುಮಾಡುತ್ತೇನೆ. ಮೊದಲು ಬರೀ ಕತ್ತರಿ. ಮ್ಯಾಕ್‌ಬೆತ್ ಸುಮಾರು 17 ಸಾವಿರ ಪದಗಳ ನಾಟಕ, ಶೇಕ್ಸ್‌ಪಿಯರ್ ದುರಂತಗಳಲ್ಲಿ ಅದೇ ಅತಿ ಚಿಕ್ಕದು. ಹ್ಯಾಮ್ಲೆಟ್ ಹತ್ತಿರ ಹತ್ತಿರ 30 ಸಾವಿರ. ನಿಮ್ಮ ಮಕ್ಕಳು ನಿಮಿಷಕ್ಕೆ 100 ಪದ ಹೇಳುತ್ತಾರೆ ಅಂತಿಟ್ಟುಕೊಳ್ಳಿ, ಓಡಾಟ, ಕತ್ತಿವರಸೆ, ಯಾರೋ ಸಾಲು ಮರೆತು ನಿಲ್ಲುವುದು ಇದಕ್ಕೆಲ್ಲ ಎಂಟು ನಿಮಿಷ ತೆಗೆದಿಡಿ, ಉಳಿದದ್ದು 3,200 ಪದ. ಅಂದರೆ ಐದರಲ್ಲಿ ಒಂದು ಭಾಗಕ್ಕೂ ಕಡಿಮೆ ಉಳಿಸಿಕೊಂಡರೆ ಸಾಕು. ಐದು ಸಾಲಿಗೆ ಒಂದು ಸಾಲು ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುವಾಗ ಸುಲಭದ ಸಾಲನ್ನೇ ಆರಿಸಿಕೊಳ್ಳಬಹುದಲ್ವಾ? ಹೊಸದಾಗಿ ಯಾಕೆ ಬರೆಯಬೇಕು?

ಎರಡನೇ ಅಂಕದ ಎರಡನೇ ದೃಶ್ಯ ತೆಗೆದು ನೋಡಿ. ಮ್ಯಾಕ್‌ಬೆತ್ ಕೊಲೆ ಮಾಡಿ ಕೆಳಗೆ ಬಂದಿದ್ದಾನೆ. ಹೆಂಡತಿ ಕತ್ತಲಲ್ಲಿ ಕಾಯುತ್ತಿದ್ದಾಳೆ. ಅವಳು ‘ಡಿಡ್ ನಾಟ್ ಯೂ ಸ್ಪೀಕ್?’ ಅನ್ನುತ್ತಾಳೆ. ಅವನು ‘ವೆನ್?’ ಅವಳು ‘ನೌ.’ ಅವನು ‘ಆ್ಯಸ್ ಐ ಡಿಸೆಂಡೆಡ್?’ ಅವಳು ‘ಆಯ್.’ ಇಷ್ಟೇ. ಒಂದೊಂದು ಪದದ ಮಾತು. ಇಂಗ್ಲಿಷ್ ಕಲಿಯಲು ಶುರುಮಾಡಿ ಮೂರು ತಿಂಗಳಾದ ಮಗು ಕೂಡ ಹೇಳಬಹುದು. ಇಬ್ಬರೂ ಉಸಿರು ಬಿಗಿಹಿಡಿದಿದ್ದಾರೆ, ಅದಕ್ಕೇ ಮಾತು ಉದ್ದ ಬರುತ್ತಿಲ್ಲ. ಲೈಟ್ ಆರಿಸಿ ಇಬ್ಬರು ಮಕ್ಕಳ ಕೈಲಿ ಪಿಸುಮಾತಿನಲ್ಲಿ ಹೇಳಿಸಿ. ಭಯ ಯಾವ ಪುಟದಲ್ಲಿದೆ ಅಂತ ಆ ಹುಡುಗ ಮತ್ತೆ ಕೇಳುವುದಿಲ್ಲ.

ನಿಮ್ಮ ಸ್ಕ್ರಿಪ್ಟ್‌ನಲ್ಲಿ ಈ ಜಾಗದಲ್ಲಿ ಏನಿದೆ, ಒಂಚೂರು ಹಾಕ್ತೀರಾ?

ತಾಲೀಮು_ಟೀಚರ್

ಅಯ್ಯೋ, ನಾಚಿಕೆಯಾಗುತ್ತದೆ. ‘ನಾನು ರಾಜನನ್ನು ಕೊಂದೆ, ನನಗೆ ತುಂಬಾ ಭಯವಾಗುತ್ತಿದೆ, ನೀನು ಏನಾದರೂ ಸದ್ದು ಕೇಳಿದೆಯಾ’ ಅನ್ನುವ ಅರ್ಥದ ಮೂರು ವಾಕ್ಯ ಇಂಗ್ಲಿಷ್‌ನಲ್ಲಿ ಇದೆ. ವ್ಯಾಕರಣ ಮಾತ್ರ ಸರಿಯಾಗಿದೆ.

ಗೂಬೆಕೂಗು

ಭಯ ಆಗ್ತಿದೆ ಅಂತ ಬಾಯಿಬಿಟ್ಟು ಹೇಳುವವನಿಗೆ ಭಯ ಆಗಿರುವುದಿಲ್ಲ ಬಿಡಿ. ನನ್ನ ಯೂಸರ್‌ನೇಮ್ ಕೂಡ ಅದೇ ದೃಶ್ಯದ್ದು. ಸದ್ದು ಕೇಳಿಸಿತಾ ಅಂದರೆ ಅವಳು ‘ಗೂಬೆ ಕೂಗಿತು, ಜೀರುಂಡೆ ಕೂಗಿತು’ ಅನ್ನುತ್ತಾಳೆ. ಗೂಬೆ, ಜೀರುಂಡೆ ಕಷ್ಟದ ಪದವಾ? ಮಕ್ಕಳ ಕೈಲಿ ಆ ಸದ್ದನ್ನೇ ಮಾಡಿಸಿ. 28 ಜನರಲ್ಲಿ ಅರ್ಧ ಜನಕ್ಕೆ ಕೆಲಸ ಸಿಕ್ಕಿತು.

ಪದಕೋಶ_ಪ್ರೇಮಿ

ಕತ್ತರಿ_ಕೈ ಅವರ ಮಾತು ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪುವುದಿಲ್ಲ. ನಾನು ಕಲಿಯುವವರಿಗಾಗಿ ಗ್ರೇಡೆಡ್ ರೀಡರ್‌ಗಳನ್ನು, ಅಂದರೆ ಹಂತಕ್ಕೆ ತಕ್ಕಷ್ಟೇ ಪದ ಬಳಸುವ ಪುಸ್ತಕಗಳನ್ನು, ಬರೆಯುವ ಕೆಲಸ ಮಾಡಿದವನು. ರಂಗದ ಮೇಲೆ ಲೈಟು, ಮುಖ, ಕೈ ಎಲ್ಲ ಅರ್ಥ ಹೇಳುತ್ತವೆ. ಮಗು ಒಂದೇ ಕೂತು ಪುಸ್ತಕ ಓದುವಾಗ ಹಾಳೆ ಮತ್ತು ಪದ ಮಾತ್ರ. ಸಹಾಯವಿಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಪಠ್ಯದ ಸುಮಾರು ನೂರಕ್ಕೆ 98 ಪದ ಮೊದಲೇ ಗೊತ್ತಿರಬೇಕು ಅಂತ ಹೂ ಮತ್ತು ನೇಷನ್ ಅನ್ನುವ ಸಂಶೋಧಕರು 2000ದಲ್ಲಿ ತೋರಿಸಿದರು. ಅಂದರೆ 50 ಪದಕ್ಕೆ ಒಂದು ಹೊಸ ಪದ, ಜಾಸ್ತಿ ಅಂದರೆ. ಶೇಕ್ಸ್‌ಪಿಯರ್‌ನನ್ನು ಎಷ್ಟೇ ಕತ್ತರಿಸಿದರೂ ಆ ಲೆಕ್ಕಕ್ಕೆ ಬರುವುದಿಲ್ಲ.

ಅದಕ್ಕೇ ಪದಪಟ್ಟಿಗಳು ಹುಟ್ಟಿದ್ದು. ಓಗ್ಡೆನ್ 1930ರಲ್ಲಿ 850 ಪದಗಳ ಬೇಸಿಕ್ ಇಂಗ್ಲಿಷ್ ಮಾಡಿದ. ಮುಂದಿನ ದಶಕದಲ್ಲಿ ಶೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕ ಕೂಡ ಬೇಸಿಕ್ ಇಂಗ್ಲಿಷ್‌ಗೆ ಬಂತು. ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2,000 ಪದಗಳ ಪಟ್ಟಿ ಪ್ರಕಟಿಸಿದ. ಈಗಿನ ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಪುಸ್ತಕ ಸರಣಿಯ ಒಂದನೇ ಹಂತದಲ್ಲಿ 400 ಮೂಲಪದ, ಆರನೇ ಹಂತದಲ್ಲಿ 2,500. ಈ ಮಿತಿಯೊಳಗೆ ಬರೆಯುವುದು ಹಗ್ಗದ ಮೇಲೆ ನಡೆದ ಹಾಗೆ. ಮಾಡಿದವರಿಗೇ ಗೊತ್ತು.

ಇನ್ನೊಂದು ವಿಷಯ. ಚಿಕ್ಕ ಪದ ಅಂದರೆ ಸುಲಭ ಪದ ಅಂತ ಇಂಗ್ಲಿಷ್ ಮನೆಮಾತಿನವರು ನಂಬಿರುತ್ತಾರೆ. ‘ಟಾಲರೇಟ್’ ತೆಗೆದು ‘ಪುಟ್ ಅಪ್ ವಿತ್’ ಹಾಕುತ್ತಾರೆ. ಕಲಿಯುವವನಿಗೆ ಆ ಮೂರೂ ಪದ ಬಿಡಿಬಿಡಿಯಾಗಿ ಗೊತ್ತು, ಸೇರಿಸಿದರೆ ಏನೂ ಗೊತ್ತಾಗುವುದಿಲ್ಲ. ‘ಟಾಲರೇಟ್’ ಆದರೆ ನಿಘಂಟಿನಲ್ಲಿ ಸಿಗುತ್ತದೆ. ಟೀಚರ್, ನಿಮ್ಮ ಸ್ಕ್ರಿಪ್ಟ್‌ನಲ್ಲಿ ಇಂಥವು ಎಷ್ಟಿವೆ ಎಣಿಸಿ.

ಮೂಲಪಠ್ಯ

ಪದಪಟ್ಟಿಯವರ ಜೊತೆ ನನ್ನ ಜಗಳ ಹಳೆಯದು. ಪಟ್ಟಿಗೆ ಪದ ಗೊತ್ತು, ಪ್ರತಿಧ್ವನಿ ಗೊತ್ತಿಲ್ಲ.

ಮೊದಲ ದೃಶ್ಯದಲ್ಲಿ ಮಾಟಗಾತಿಯರು ‘ಫೇರ್ ಈಸ್ ಫೌಲ್, ಆ್ಯಂಡ್ ಫೌಲ್ ಈಸ್ ಫೇರ್’ (ಚೆಂದದ್ದೇ ಕೆಟ್ಟದ್ದು, ಕೆಟ್ಟದ್ದೇ ಚೆಂದದ್ದು) ಅನ್ನುತ್ತಾರೆ. ಮೂರನೇ ದೃಶ್ಯದಲ್ಲಿ ಮ್ಯಾಕ್‌ಬೆತ್ ಮೊದಲ ಸಲ ಬಾಯಿ ತೆರೆಯುತ್ತಾನೆ, ಇಷ್ಟೊಂದು ‘ಫೌಲ್’ ಮತ್ತು ‘ಫೇರ್’ ಆದ ದಿನ ನೋಡಿಲ್ಲ ಅನ್ನುತ್ತಾನೆ. ಅವರನ್ನು ಇನ್ನೂ ನೋಡಿಲ್ಲ, ಆಗಲೇ ಅವರ ಮಾತು ಇವನ ಬಾಯಲ್ಲಿದೆ! ನಾನು ನೋಡಿದ ಒಂದು ಸರಳ ಪುಸ್ತಕದಲ್ಲಿ ಮೊದಲ ಕಡೆ ‘ಅಗ್ಲಿ’, ಎರಡನೇ ಕಡೆ ‘ಬ್ಯಾಡ್ ವೆದರ್’ ಅಂತ ಇತ್ತು. ಎರಡೂ ಸುಲಭ, ಎರಡೂ ಸರಿ. ದಾರ ಮಾತ್ರ ಕಡಿದುಹೋಗಿತ್ತು.

ಇನ್ನೂ ಚೆಂದದ್ದು ‘ಡನ್’. ಇದಕ್ಕಿಂತ ಸುಲಭದ ಪದ ಬೇಕಾ? ನಾಟಕದ ಮೂರನೇ ಸಾಲಿಗಾಗಲೇ ಬರುತ್ತದೆ, ಗದ್ದಲ ‘ಡನ್’ ಆದಮೇಲೆ ಸೇರೋಣ ಅಂತ. ಕೊಲೆಗೆ ಮುಂಚೆ ಮ್ಯಾಕ್‌ಬೆತ್, ಮಾಡಿದರೆ ಅಲ್ಲಿಗೆ ಮುಗಿಯುವುದಾದರೆ ಬೇಗ ಮಾಡಿಬಿಡುವುದು ಒಳ್ಳೆಯದು ಅಂತ ‘ಡನ್’ ಪದವನ್ನು ಮೂರು ಸಲ ತಿರುಗಿಸಿ ತಿರುಗಿಸಿ ಹೇಳುತ್ತಾನೆ. ಕೊಲೆಯಾದ ಮೇಲೆ ‘ಐ ಹ್ಯಾವ್ ಡನ್ ದ ಡೀಡ್’. ಮೂರನೇ ಅಂಕದಲ್ಲಿ ಹೆಂಡತಿ ಅವನನ್ನು ಸಮಾಧಾನ ಮಾಡುತ್ತಾ ‘ವಾಟ್ಸ್ ಡನ್ ಈಸ್ ಡನ್’. ಐದನೇ ಅಂಕದಲ್ಲಿ ಅವಳೇ ನಿದ್ದೆಗಣ್ಣಲ್ಲಿ ನಡೆಯುತ್ತಾ ‘ವಾಟ್ಸ್ ಡನ್ ಕೆನಾಟ್ ಬಿ ಅನ್‌ಡನ್’. ಇದೊಂದೇ ಎಳೆ ಹಿಡಿದರೂ ಇಡೀ ನಾಟಕ ನಿಮ್ಮ ಕೈಗೆ ಬರುತ್ತದೆ. ಜೊತೆಗೆ ‘ಡೂ, ಡಿಡ್, ಡನ್’ ಪಾಠವೂ ಆಯಿತು. ವರ್ಕ್‌ಶೀಟ್ ಬೇಡ.

ಟೀಚರ್, ನಿಮ್ಮ ಸ್ಕ್ರಿಪ್ಟ್‌ನಲ್ಲಿ ‘ಡನ್’ ಎಷ್ಟು ಸಲ ಇದೆ?

ತಾಲೀಮು_ಟೀಚರ್

ಈಗ ಹುಡುಕಿದೆ. ಒಂದು ಸಲ. ಅದೂ ‘ವೆಲ್ ಡನ್’. ಡಂಕನ್ ರಾಜ ಹೊಗಳುವಾಗ.

‘ಪುಟ್ ಅಪ್ ವಿತ್’ ಎರಡು ಸಲ ಇದೆ, ಪದಕೋಶ ಸರ್. ತೆಗೆದೆ.

ಪದಕೋಶ_ಪ್ರೇಮಿ

ಮೂಲಪಠ್ಯ ಅವರೇ, ‘ಡನ್’ ಪಟ್ಟಿಯಲ್ಲೇ ಇರುವ ಪದ, ಅದು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ‘ಫೌಲ್’ ವಿಷಯ ಒಪ್ಪಿಕೊಂಡೆ. ಪಟ್ಟಿಯ ಹೊರಗಿನ ಪದ ಆರೇಳು ಸಲ ಮರುಕಳಿಸುವ ಹಾಗಿದ್ದರೆ ಅದನ್ನು ಬಿಡಿಸಿ ಹೇಳಿ ಉಳಿಸಿಕೊಳ್ಳಬೇಕು. ‘ಥೇನ್’ ಕೂಡ ಹಾಗೇ. ಅದು ಸ್ಕಾಟ್ಲೆಂಡಿನ ಒಂದು ಪದವಿ ಅಂತ ಮೊದಲ ದಿನ ಹೇಳಿದರೆ ಮುಗಿಯಿತು, ಅದನ್ನು ‘ಲೀಡರ್’ ಮಾಡಿದರೆ ತರಗತಿಯ ಮಾನಿಟರ್ ನೆನಪಾಗುತ್ತಾನೆ.

ನಿಜವಾದ ಅಪಾಯ ಗೊತ್ತಿಲ್ಲದ ಪದದಲ್ಲಿಲ್ಲ. ಗೊತ್ತಿರುವ ಪದ ಬೇರೆ ಅರ್ಥದಲ್ಲಿ ಬಂದರೆ ಮಗು ನಿಲ್ಲುವುದೇ ಇಲ್ಲ, ತಪ್ಪು ತಿಳಿದುಕೊಂಡು ಮುಂದೆ ಹೋಗುತ್ತದೆ. ಆ ಕಾಲಕ್ಕೆ ‘ಪ್ರೆಸೆಂಟ್ಲಿ’ ಅಂದರೆ ಈಗಲೇ, ತಕ್ಷಣ. ‘ಸ್ಟಿಲ್’ ಎಷ್ಟೋ ಕಡೆ ‘ಯಾವಾಗಲೂ’. ಜೂಲಿಯೆಟ್‌ಳ ‘ವೇರ್‌ಫೋರ್’ ನೋಡಿ. ‘ಎಲ್ಲಿದ್ದೀಯಾ ರೋಮಿಯೋ’ ಅಂತ ಹುಡುಕುತ್ತಾಳೆ ಅಂದುಕೊಂಡವರೇ ಜಾಸ್ತಿ. ಅದರ ಅರ್ಥ ‘ಯಾಕೆ’. ನೀನು ಯಾಕೆ ರೋಮಿಯೋ ಆಗಿರಬೇಕಿತ್ತು, ಶತ್ರುವಿನ ಮನೆಯ ಹೆಸರು ಯಾಕೆ ನಿನಗೆ ಅಂತ. ಕೊಲೆಯ ದೃಶ್ಯದಲ್ಲೂ ಮ್ಯಾಕ್‌ಬೆತ್ ತನ್ನ ಕೈ ನೋಡಿಕೊಂಡು ‘ದಿಸ್ ಈಸ್ ಎ ಸಾರಿ ಸೈಟ್’ ಅನ್ನುತ್ತಾನೆ.

ಗೂಬೆಕೂಗು

ಮಕ್ಕಳು ಅದನ್ನು ಕ್ಷಮೆ ಕೇಳಿದ ಅಂದುಕೊಳ್ಳುತ್ತಾರೆ. ಕೊಲೆ ಮಾಡಿ ‘ಸಾರಿ’! 😄

ಪದಕೋಶ_ಪ್ರೇಮಿ

ಅದನ್ನೇ ಹೇಳುತ್ತಿದ್ದೆ. ಅಲ್ಲಿ ‘ಸಾರಿ’ ಅಂದರೆ ನೋಡಲಾಗದ, ದುರವಸ್ಥೆಯ. ಒಂದೋ ‘ಟೆರಿಬಲ್’ ಅಂತ ಬದಲಿಸಬೇಕು, ಇಲ್ಲವೇ ನಟನ ಮುಖ ಹೇಳಬೇಕು. ಪುಸ್ತಕವಾದರೆ ನಾನು ಬದಲಿಸುತ್ತೇನೆ, ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಕೊನೇ_ಬೆಂಚು

ನಾನು ಟೀಚರೂ ಅಲ್ಲ, ನಾಟಕದವನೂ ಅಲ್ಲ. ಇಂಗ್ಲಿಷ್ ಅಂದರೆ ಬೆವರುತ್ತಿದ್ದ ಹುಡುಗ ಅಷ್ಟೇ. ಒಂದು ಮಾತು ಹೇಳಬೇಕು ಅನ್ನಿಸಿತು.

ಎಲ್ಲರೂ ಮೊದಲು ‘ದೌ’, ‘ದೀ’ ತೆಗೆಯುತ್ತಾರೆ. ಹಳೇ ಇಂಗ್ಲಿಷ್, ಮಕ್ಕಳಿಗೆ ಕಷ್ಟ ಅಂತ. ಕನ್ನಡ ಮನೆಮಾತಿನವರಿಗೆ ಅದರಲ್ಲೇನು ಕಷ್ಟ? ‘ದೌ’ ನೀನು, ‘ಯೂ’ ನೀವು. ನಮಗೆ ಹುಟ್ಟಿನಿಂದ ಗೊತ್ತಿರುವ ವಿಷಯ, ಈಗ ಇಂಗ್ಲಿಷಿನವರಿಗೇ ಮರೆತುಹೋಗಿದೆ. ಹ್ಯಾಮ್ಲೆಟ್ ಮೂರನೇ ಅಂಕದಲ್ಲಿ ತಾಯಿ ಕರೆಸುತ್ತಾಳೆ. ಅವಳು ‘ದೌ’ ಅನ್ನುತ್ತಾಳೆ, ನೀನು ನಿನ್ನ ತಂದೆಗೆ ತುಂಬಾ ನೋವು ಮಾಡಿದ್ದೀಯ ಅಂತ. ಅವನು ‘ಯೂ’ ಅಂತ ತಿರುಗಿಸಿ ಕೊಡುತ್ತಾನೆ, ಅಮ್ಮಾ, ನೀವು ನನ್ನ ತಂದೆಗೆ ತುಂಬಾ ನೋವು ಮಾಡಿದ್ದೀರಿ. ಅಮ್ಮನನ್ನು ನೀನು ಅಂತ ಕರೆದು ಬೆಳೆದವನು ಜಗಳದ ದಿನ ಇದ್ದಕ್ಕಿದ್ದಂತೆ ‘ನೀವು’ ಅಂದರೆ ಆ ಮನೆಯಲ್ಲಿ ಏನಾಗುತ್ತದೆ ಅಂತ ವಿವರಿಸಬೇಕಾ? ಇದನ್ನು ಯಾರಾದರೂ ನನಗೆ 13ನೇ ವಯಸ್ಸಿನಲ್ಲಿ ಹೇಳಿದ್ದರೆ ಇಂಗ್ಲಿಷ್ ಬಗ್ಗೆ ನನ್ನ ಹೆದರಿಕೆ ಅರ್ಧ ಹೋಗುತ್ತಿತ್ತು. ಎರಡನ್ನೂ ‘ಯೂ’ ಮಾಡಿದ ಪುಸ್ತಕ ಓದಿದೆ, ತಾಯಿ ಮಗ ಮರ್ಯಾದೆಯಿಂದ ಮಾತಾಡುತ್ತಿದ್ದಾರೆ ಅಂದುಕೊಂಡಿದ್ದೆ.

ಮೂಲಪಠ್ಯ

ಕೊನೇ_ಬೆಂಚು, ಈ ಥ್ರೆಡ್‌ನಲ್ಲಿ ಇದೇ ಒಳ್ಳೆಯ ಮಾತು.

ನಡುರಾತ್ರಿ_ಓದು

ಎಲ್ಲರೂ ಮಕ್ಕಳ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು 41ನೇ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುತ್ತಿರುವವಳು. ‘ಎಳೆಯರಿಗೆ’ ಮತ್ತು ‘ಕಲಿಯುವವರಿಗೆ’ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಆಗುವ ಅವಮಾನ ನಿಮಗೆ ಗೊತ್ತಿಲ್ಲ. ನನಗೆ ಒಥೆಲೋ ಅಂತ ಸಿಕ್ಕಿದ ಪುಸ್ತಕದಲ್ಲಿ ದೊಡ್ಡ ದೊಡ್ಡ ಕಣ್ಣಿನ ಬೊಂಬೆ ಚಿತ್ರಗಳಿದ್ದವು. ಹೆಂಡತಿಯ ಮೇಲೆ ಅನುಮಾನ ಪಡುವುದು ಏನು ಅಂತ ನನಗೆ ಬಿಡಿಸಿ ಹೇಳಬೇಕಾಗಿಲ್ಲ ಸ್ವಾಮಿ. ಆ ಅನುಮಾನ ಬಿತ್ತುವ ಇಯಾಗೋನ ವಾಕ್ಯ ಎಲ್ಲಿ ಮುಗಿಯುತ್ತದೆ ಅಂತ ತೋರಿಸಿದರೆ ಸಾಕು.

ಇಂಗ್ಲಿಷ್ ಮನೆಮಾತಿನ ಹತ್ತು ವರ್ಷದ ಮಗುವಿನ ಕಷ್ಟ ಇದರ ತಿರುಗುಮುರುಗು. ಅದಕ್ಕೆ ವಾಕ್ಯ ಬರುತ್ತದೆ, ಅನುಮಾನ ಅಂದರೇನು ಅಂತ ಗೊತ್ತಿಲ್ಲ. ಟೀಚರ್ ಮಕ್ಕಳಿಗೆ ಎರಡೂ ಕಷ್ಟ, ಪಾಪ.

ನನಗೆ ಕೆಲಸ ಮಾಡಿದ್ದು ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಈಗಿನ ಇಂಗ್ಲಿಷ್ ಇರುವ ಪುಸ್ತಕ. ಮೊದಲು ಬಲಪುಟ ಓದುತ್ತೇನೆ, ಆಮೇಲೆ ಎಡಕ್ಕೆ ಬಂದು ಗಟ್ಟಿಯಾಗಿ ಓದುತ್ತೇನೆ. ಒಥೆಲೋ ದೀಪ ಆರಿಸುವ ಮುಂಚೆ ‘ಪುಟ್ ಔಟ್ ದ ಲೈಟ್, ಆ್ಯಂಡ್ ದೆನ್ ಪುಟ್ ಔಟ್ ದ ಲೈಟ್’ ಅನ್ನುತ್ತಾನಲ್ಲ, ಆ ಸಾಲಿಗೆ ಬಲಪುಟದಲ್ಲಿ ‘ಮೊದಲು ದೀಪ ಆರಿಸುತ್ತೇನೆ, ಆಮೇಲೆ ಅವಳ ಜೀವ ಆರಿಸುತ್ತೇನೆ’ ಅನ್ನುವ ಹಾಗೆ ಬಿಡಿಸಿ ಬರೆದಿತ್ತು. ಓದಿ ಸಿಟ್ಟು ಬಂತು. ಎಡಪುಟದ ಒಂದು ಪದವೂ ನನಗೆ ಗೊತ್ತಿಲ್ಲದ್ದಲ್ಲ. ಸುಲಭವಾಗಿರುವುದನ್ನು ಯಾಕೆ ಸುಲಭ ಮಾಡುತ್ತಾರೆ?

ಕತ್ತರಿ_ಕೈ

ಅದೇ, ಅದೇ. ದೊಡ್ಡ ಸಾಲುಗಳು ಎಷ್ಟೋ ಸಲ ಪುಟ್ಟ ಪದಗಳಲ್ಲೇ ಇರುತ್ತವೆ. ಲಿಯರ್ ಸತ್ತ ಮಗಳನ್ನು ಎತ್ತಿಕೊಂಡು ‘ನೆವರ್’ ಅನ್ನುವುದನ್ನು ಐದು ಸಲ ಹೇಳುತ್ತಾನೆ, ಒಂದು ಇಡೀ ಸಾಲು ಅಷ್ಟೇ. ಆಮೇಲೆ, ದಯವಿಟ್ಟು ಈ ಗುಂಡಿ ಬಿಚ್ಚಿ ಅನ್ನುತ್ತಾನೆ.

ಕಷ್ಟದ ಸಾಲನ್ನು ಬರೆದಾಗ ಶೇಕ್ಸ್‌ಪಿಯರ್ ತಾನೇ ಪಕ್ಕದಲ್ಲಿ ಅರ್ಥ ಕೊಡುವುದೂ ಉಂಟು. ಮ್ಯಾಕ್‌ಬೆತ್ ತನ್ನ ಕೈಯ ರಕ್ತ ಸಮುದ್ರಗಳನ್ನೆಲ್ಲ ‘ಮಲ್ಟಿಟ್ಯೂಡಿನಸ್’, ‘ಇನ್‌ಕಾರ್ನಡೈನ್’ ಅಂತ ಬಾಯಿ ತುಂಬಾ ಹೇಳುತ್ತಾನೆ, ಮರುಕ್ಷಣವೇ ‘ಮೇಕಿಂಗ್ ದ ಗ್ರೀನ್ ಒನ್ ರೆಡ್’. ಹಸಿರು ಕೆಂಪಾಗುತ್ತದೆ. ನಾನು ಆ ದೊಡ್ಡ ಪದಗಳನ್ನೂ ಹೇಳಿಸುತ್ತೇನೆ ಮಕ್ಕಳ ಕೈಲಿ, ಅವರಿಗೆ ನಾಲಿಗೆಯಲ್ಲಿ ಉರುಳಿಸಲು ಬಲು ಇಷ್ಟ. ಅರ್ಥ ಪಕ್ಕದಲ್ಲೇ ಸಿಗುತ್ತದಲ್ಲ.

ಈಗ ಕೆಲಸದ ಮಾತು. ಟೀಚರ್, ನಾನು ಎಲ್ಲಿ ಕತ್ತರಿಸುತ್ತೇನೆ ಹೇಳುತ್ತೇನೆ. ಎರಡನೇ ದೃಶ್ಯದಲ್ಲಿ ಗಾಯಗೊಂಡ ಸೈನಿಕ ಯುದ್ಧದ ವರದಿ ಹೇಳುವುದು ಪೂರ್ತಿ ಹೋಗುತ್ತದೆ, ಅಲ್ಲಿ ನಿರೂಪಕನಿಗೆ ಎರಡು ವಾಕ್ಯ ಕೊಡಿ. ಆದರೆ ನಿರೂಪಕನನ್ನು ಅಲ್ಲೇ ಮನೆಗೆ ಕಳಿಸಿ. ಎಲ್ಲ ದೃಶ್ಯಕ್ಕೂ ಅವನು ಬಂದರೆ ಮಕ್ಕಳು ಅವನ ಹಿಂದೆ ಬೊಂಬೆಗಳಾಗಿ ನಿಲ್ಲುತ್ತಾರೆ. ಕತೆ ಸೇರಿಸಿ ಹೇಳಬೇಕಾದ ಕಡೆ ಮ್ಯಾಕ್‌ಬೆತ್ ಹೆಂಡತಿಗೆ ಬರೆದ ಕಾಗದ ಇದೆ, ಅದು ಗದ್ಯದಲ್ಲೇ ಇದೆ, ಮಾಟಗಾತಿಯರು ಏನು ಹೇಳಿದರು ಅಂತ ಪೂರ್ತಿ ವರದಿ ಒಪ್ಪಿಸುತ್ತದೆ. ಮಾಟಗಾತಿಯರ ದೇವತೆ ಹೆಕಟೆಯ ಭಾಗ ತೆಗೆಯಿರಿ, ಅದು ಆ ಕಾಲದ ಇನ್ನೊಬ್ಬ ನಾಟಕಕಾರ ಮಿಡಲ್‌ಟನ್ ಸೇರಿಸಿದ್ದು ಅಂತ ಬಹಳ ವಿದ್ವಾಂಸರ ಅಭಿಪ್ರಾಯ, ಯಾರೂ ಅಳುವುದಿಲ್ಲ. ರಾಸ್, ಲೆನಾಕ್ಸ್, ಆಂಗಸ್, ಮೆಂಟೀತ್, ಕೇತ್‌ನೆಸ್ ಐವರನ್ನೂ ಒಬ್ಬ ರಾಸ್ ಮಾಡಿ. ಮ್ಯಾಕ್‌ಬೆತ್, ಮ್ಯಾಕ್‌ಡಫ್, ಮಾಲ್ಕಂ ಅಂತ ಮೂರು ಮಕಾರಗಳೇ ಗೊಂದಲಕ್ಕೆ ಸಾಕು.

ನಾಲ್ಕನೇ ಅಂಕದಲ್ಲಿ ಇಂಗ್ಲೆಂಡಿನ ದೃಶ್ಯ ತುಂಬಾ ಉದ್ದ, ಕೊಲೆಯಾದ ರಾಜನ ಮಗ ಮಾಲ್ಕಂ ಸುಮ್ನೆ ತಾನು ಕೆಟ್ಟವನು ಅಂತ ಹೇಳಿಕೊಂಡು ಮ್ಯಾಕ್‌ಡಫ್‌ನನ್ನು ಪರೀಕ್ಷಿಸುತ್ತಾನೆ. ಅದೆಲ್ಲ ಬಿಟ್ಟು ಮ್ಯಾಕ್‌ಡಫ್‌ಗೆ ಹೆಂಡತಿ ಮಕ್ಕಳ ಸಾವಿನ ಸುದ್ದಿ ಬರುವಲ್ಲಿಂದ ಹಿಡಿಯಿರಿ. ‘ಆಲ್ ಮೈ ಪ್ರಿಟಿ ಒನ್ಸ್? ಡಿಡ್ ಯೂ ಸೇ ಆಲ್?’ ಗಂಡಸಿನಂತೆ ಎದುರಿಸು ಅಂತ ಮಾಲ್ಕಂ ಹೇಳಿದಾಗ, ಮೊದಲು ಗಂಡಸಿನಂತೆ ನೋವನ್ನೂ ಪಡಬೇಕಲ್ಲ ಅನ್ನುತ್ತಾನೆ. 13 ವರ್ಷದ ಹುಡುಗರು ಈ ಮಾತು ಹೇಳಬೇಕು, ಯಾವ ಭಾಷೆಯಲ್ಲಾದರೂ ಸರಿ.

ಒಂದು ಎಚ್ಚರಿಕೆ. ಕತ್ತರಿಸುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ನಿದ್ದೆಯಲ್ಲಿ ಕೈ ತೊಳೆಯುವ ದೃಶ್ಯ ಬೇಕು ಅಂದರೆ, ಎರಡನೇ ಅಂಕದಲ್ಲಿ ಅವಳು ‘ಎ ಲಿಟಲ್ ವಾಟರ್ ಕ್ಲಿಯರ್ಸ್ ಅಸ್ ಆಫ್ ದಿಸ್ ಡೀಡ್’ ಅಂದದ್ದು ಉಳಿಯಲೇಬೇಕು. ಚೂರು ನೀರು ಸಾಕು ಅಂದವಳೇ ಕೊನೆಗೆ ಅರೇಬಿಯದ ಸುಗಂಧವೆಲ್ಲ ಸಾಲದು ಅನ್ನುತ್ತಾಳೆ. ಮುಂದಿನಿಂದ ಕತ್ತರಿಸುತ್ತಾ ಹೋದರೆ ಆ ನೀರಿನ ಸಾಲು ಮೊದಲೇ ಹೋಗಿರುತ್ತದೆ, ನನಗೆ ಆಗಿದೆ.

ತಾಲೀಮು_ಟೀಚರ್

ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ ಸರ್. ಇನ್ನೊಂದು ಪ್ರಶ್ನೆ ಉಳಿದಿದೆ. ಮ್ಯಾಕ್‌ಡಫ್‌ನ ಪುಟ್ಟ ಮಗನನ್ನು ರಂಗದ ಮೇಲೇ ಕೊಲ್ಲುತ್ತಾರೆ. ದ್ವಾರಪಾಲಕ ಕುಡಿದು ಮಾತಾಡುವುದು ಬೇರೆ ಇದೆ. ಪೋಷಕರು ನೋಡಲು ಬರುತ್ತಾರೆ. ಏನು ಮಾಡಲಿ?

ಮೂಲಪಠ್ಯ

ಶುಚಿ ಮಾಡುವವರ ಇತಿಹಾಸ ದೊಡ್ಡದು. ನೇಹಮ್ ಟೇಟ್ 1681ರಲ್ಲಿ ಕಿಂಗ್ ಲಿಯರ್‌ಗೆ ಸುಖಾಂತ ಬರೆದ. ಲಿಯರ್ ಬದುಕುತ್ತಾನೆ, ಮಗಳು ಕಾರ್ಡೀಲಿಯಾಗೆ ಎಡ್ಗರ್ ಜೊತೆ ಮದುವೆ. ಹೆಚ್ಚುಕಡಿಮೆ 150 ವರ್ಷ ಇಂಗ್ಲಿಷ್ ರಂಗಭೂಮಿ ಅದನ್ನೇ ಆಡಿತು. 1807ರಲ್ಲಿ ಬೌಡ್ಲರ್ ಮನೆಯವರ ‘ಫ್ಯಾಮಿಲಿ ಶೇಕ್ಸ್‌ಪಿಯರ್’ ಬಂತು, ಲೇಡಿ ಮ್ಯಾಕ್‌ಬೆತ್ ಕೈಯ ರಕ್ತದ ಕಲೆಯನ್ನು ‘ಡ್ಯಾಮ್ಡ್’ ಅಂತ ಬೈಯುವುದನ್ನು ‘ಕ್ರಿಮ್ಸನ್’ ಮಾಡಿಟ್ಟರು. ಕೈ ತೊಳೆದು ತೊಳೆದು ಹುಚ್ಚು ಹಿಡಿದವಳು ಬಣ್ಣದ ಹೆಸರು ಹೇಳುತ್ತಾಳಂತೆ. ಅದೇ 1807ರಲ್ಲೇ ಲ್ಯಾಂಬ್ ಅಕ್ಕತಮ್ಮ ಮಕ್ಕಳಿಗಾಗಿ 20 ನಾಟಕಗಳನ್ನು ಕತೆ ಮಾಡಿದರು. ಅದರಲ್ಲಿ 14 ಅಕ್ಕ ಮೇರಿ ಬರೆದದ್ದು, ಪುಸ್ತಕದ ಮೇಲೆ ಬಂದದ್ದು ತಮ್ಮ ಚಾರ್ಲ್ಸ್ ಹೆಸರು ಮಾತ್ರ. ಬೌಡ್ಲರ್ ವಿಷಯದಲ್ಲೂ ಹಾಗೇ, ಮೊದಲ ಕೆಲಸ ಹೆನ್ರಿಯೆಟಾಳದ್ದು, ಹೆಸರು ಬಂದದ್ದು ಥಾಮಸ್‌ನಿಗೆ.

ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ 1879ರದ್ದು. ಕೊನೆಯಲ್ಲಿ ನಾಯಕಿ ನೋರಾ ಮನೆ ಬಿಟ್ಟು ಹೋಗುವುದು ಬೇಡ ಅಂತ ಜರ್ಮನಿಯಲ್ಲಿ ಪಾತ್ರ ಮಾಡುವವಳೇ ಹಟ ಹಿಡಿದಳು. ಬೇರೆಯವರು ಕೆಡಿಸುವುದಕ್ಕಿಂತ ಅಂತ ಇಬ್ಸೆನ್ ತಾನೇ ಇನ್ನೊಂದು ಕೊನೆ ಬರೆದುಕೊಟ್ಟ, ಅದನ್ನು ನಾಟಕದ ಮೇಲೆ ನಡೆದ ಅನಾಗರಿಕ ದೌರ್ಜನ್ಯ ಅಂತ ತಾನೇ ಕರೆದ.

ಹಾಗಾಗಿ ನನ್ನ ಉತ್ತರ: ಚಿಕ್ಕದು ಮಾಡಿ, ಒಳ್ಳೆಯದು ಮಾಡಬೇಡಿ.

ಕತ್ತರಿ_ಕೈ

ತತ್ವ ಸರಿ, ಪೋಷಕರ ಮುಂದೆ ನಿಲ್ಲುವವರು ಟೀಚರ್ ತಾನೇ. ಗ್ರೀಕರ ದಾರಿ ಹಿಡಿಯಿರಿ. ಅವರ ನಾಟಕಗಳಲ್ಲಿ ಸಾವು ಸಾಮಾನ್ಯವಾಗಿ ಹೊರಗೆ ನಡೆಯುತ್ತದೆ, ದೂತ ಬಂದು ಹೇಳುತ್ತಾನೆ, ಕೇಳಿದವರಿಗೆ ನೋಡಿದ್ದಕ್ಕಿಂತ ಜಾಸ್ತಿ ಆಗುತ್ತದೆ. ಮಗ ತಾಯಿಯ ಜೊತೆ ತಮಾಷೆ ಮಾಡುತ್ತಿರಲಿ, ಬಾಗಿಲ ಹತ್ತಿರ ಇಬ್ಬರು ಬಂದು ನಿಲ್ಲಲಿ, ಲೈಟ್ ಹೋಗಲಿ. ಅಷ್ಟು ಸಾಕು. ಮುಂದೆ ‘ಡಿಡ್ ಯೂ ಸೇ ಆಲ್’ ಬಂದಾಗ ಪ್ರೇಕ್ಷಕರಿಗೆ ಎಲ್ಲ ಗೊತ್ತಾಗುತ್ತದೆ.

ದ್ವಾರಪಾಲಕನ ಕುಡಿತದ ಜೋಕುಗಳನ್ನು ಬಿಡಿ. ಬಾಗಿಲು ಬಡಿಯುವ ಸದ್ದು ಮಾತ್ರ ಬಿಡಬೇಡಿ. ಕೊಲೆಯ ದೃಶ್ಯದಲ್ಲೇ ಅದು ಶುರುವಾಗುತ್ತದೆ. ಆಮೇಲೆ ಮ್ಯಾಕ್‌ಬೆತ್ ಆಡುವ ಹುಡುಗನಿಗೆ ಕೈಯ ಬಣ್ಣ ತೊಳೆದು ಬಟ್ಟೆ ಬದಲಿಸಲು ಸಮಯವೂ ಬೇಕು, ದ್ವಾರಪಾಲಕ ಆ ಹೊತ್ತಿಗೆ ನಿಧಾನವಾಗಿ ನಡೆದು ಬರಲಿ.

ಗೂಬೆಕೂಗು

28 ಜನ ಇದ್ದಾರಲ್ಲ, ಮ್ಯಾಕ್‌ಬೆತ್‌ನನ್ನು ಐದು ಜನಕ್ಕೆ ಹಂಚಿ. ಅಂಕಕ್ಕೊಬ್ಬ. ಒಂದೇ ಕಿರೀಟ ಅಥವಾ ಒಂದೇ ಕೆಂಪು ಶಾಲು ಕೈ ಬದಲಾಗುತ್ತಾ ಹೋಗಲಿ. ಒಬ್ಬನ ತಲೆ ಮೇಲೆ ಇಡೀ ಪಾತ್ರ ಬಿದ್ದರೆ ಅವನಿಗೆ ಜ್ವರ ಬಂದ ದಿನ ನಿಮಗೂ ಜ್ವರ.

ಕೊನೇ_ಬೆಂಚು

ಹೀಗೂ ಒಂದು ಅನುಮಾನ. ಕುವೆಂಪು ‘ರಕ್ತಾಕ್ಷಿ’ಯಲ್ಲಿ ಹ್ಯಾಮ್ಲೆಟ್‌ನ ಕತೆಯನ್ನು ಬಿದನೂರಿಗೆ ತಂದು ಹೊಸದೇ ನಾಟಕ ಮಾಡಿದರಲ್ಲ. ಅವರು ಕತ್ತರಿಸಲೂ ಇಲ್ಲ, ಸುಲಭ ಮಾಡಲೂ ಇಲ್ಲ. ಮಕ್ಕಳಿಗೂ ಹಾಗೆ ಮಾಡಬಾರದಾ?

ಪದಕೋಶ_ಪ್ರೇಮಿ

ಅದು ರೂಪಾಂತರ. ಕವಿಯ ಕೆಲಸ, ಅಲ್ಲಿ ಹೊಸ ಲೇಖಕ ತನ್ನ ಹೆಸರು ಹಾಕಿಕೊಂಡು ಹೊಣೆ ಹೊರುತ್ತಾನೆ. ಟೀಚರ್ ಮಾಡುತ್ತಿರುವುದು ಮೂಲಕ್ಕೆ ಏಣಿ ಇಡುವ ಕೆಲಸ. ಮಕ್ಕಳು ಮುಂದೆ ಒಂದು ದಿನ ಪೂರ್ತಿ ನಾಟಕ ತೆರೆದಾಗ ಗುರುತಿನ ಸಾಲುಗಳು ಸಿಗಬೇಕು. ಅದಕ್ಕೇ ನಾನೂ ಈಗ ಸ್ವಲ್ಪ ಕತ್ತರಿ_ಕೈ ಕಡೆ ವಾಲುತ್ತಿದ್ದೇನೆ ಅನ್ನಿಸುತ್ತದೆ, ಸ್ವಲ್ಪ ಮಾತ್ರ.

ಇನ್ನೊಂದು, ಮರೆಯುವ ಮುಂಚೆ. ಶೇಕ್ಸ್‌ಪಿಯರ್‌ನ ಮೂಲಪಠ್ಯವನ್ನು ಯಾರು ಬೇಕಾದರೂ ಕತ್ತರಿಸಬಹುದು. ಆದರೆ ಮುಂದಿನ ವರ್ಷ ಆಂಟಿಗೊನೆ ಮಾಡಿಸುವ ಆಸೆ ಬಂದರೆ ಸೋಫೊಕ್ಲಿಸ್‌ಗೆ ಹಕ್ಕಿಲ್ಲದಿದ್ದರೂ ಅದರ ಹೊಸ ಇಂಗ್ಲಿಷ್ ಅನುವಾದಕರಿಗೆ ಹಕ್ಕು ಇರುತ್ತದೆ. ಆರ್ಥರ್ ಮಿಲ್ಲರ್ ತೀರಿಕೊಂಡದ್ದು 2005ರಲ್ಲಿ, ‘ದ ಕ್ರೂಸಿಬಲ್’ ಅನ್ನು ಒಪ್ಪಿಗೆಯಿಲ್ಲದೆ ಮುಟ್ಟುವ ಹಾಗೇ ಇಲ್ಲ.

ತಾಲೀಮು_ಟೀಚರ್

ಮೂರು ವಾರ ಬಿಟ್ಟು ಬರುತ್ತಿದ್ದೇನೆ. ಹಳೇ ಸ್ಕ್ರಿಪ್ಟ್ ಬಿಸಾಡಿದೆ. ಹೊಸದು 3,150 ಪದ. ನಾನು ಬರೆದದ್ದು ಅಂತ ಅದರಲ್ಲಿ ಹೆಚ್ಚಿಲ್ಲ: ನಿರೂಪಕನ ಎರಡು ವಾಕ್ಯ, ‘ಸಾರಿ’ ಜಾಗದಲ್ಲಿ ‘ಟೆರಿಬಲ್’ (ಮೂಲಪಠ್ಯ ಸರ್ ಕ್ಷಮಿಸಿ), ಇನ್ನು ಹನ್ನೊಂದು ಕಡೆ ಒಂದೊಂದು ಪದ. ‘ಡನ್’ ಇರುವ ಸಾಲುಗಳನ್ನೆಲ್ಲ ಮಕ್ಕಳೇ ಹುಡುಕಿ ಹಸಿರು ಪೆನ್ನಿನಲ್ಲಿ ಗುರುತು ಮಾಡಿದ್ದಾರೆ. ‘ಮಲ್ಟಿಟ್ಯೂಡಿನಸ್’ ಈಗ ಆಟದ ಮೈದಾನದ ಬೈಗುಳವಾಗಿದೆ, ಅದಕ್ಕೆ ನಾನು ಜವಾಬ್ದಾರಳಲ್ಲ.

ಎಲ್ಲವೂ ಸಲೀಸಾಗಿಲ್ಲ. ‘ಮಾಡಿದರೆ ಮುಗಿಯುವುದಾದರೆ’ ಅನ್ನುವ ಸ್ವಗತ ಎಂಟು ಸಾಲಿಗೆ ಇಳಿಸಿದರೂ ಯಾರ ತಲೆಗೂ ಹತ್ತಲಿಲ್ಲ. ಪದ ಸುಲಭ, ವಾಕ್ಯದ ಗಂಟು ಬಿಚ್ಚುವುದಿಲ್ಲ. ಕೊನೆಗೆ ಮೊದಲ ಎರಡು ಸಾಲು ಇಟ್ಟು ಉಳಿದದ್ದು ಬಿಟ್ಟೆ. ನಡುರಾತ್ರಿ ಮೇಡಂ ಹೇಳಿದ ಹಾಗೆ ಆ ಪುಟಕ್ಕೆ ಮಾತ್ರ ಪಕ್ಕದಲ್ಲಿ ಈಗಿನ ಇಂಗ್ಲಿಷ್ ಬರೆದುಕೊಟ್ಟಿದ್ದೇನೆ, ಬೇಕಾದವರು ಓದಲಿ ಅಂತ.

ಭಯ ಯಾವ ಪುಟದಲ್ಲಿ ಅಂತ ಕೇಳಿದ ಹುಡುಗನಿಗೆ ಬಾಗಿಲು ಬಡಿಯುವ ಕೆಲಸ ಕೊಟ್ಟಿದ್ದೇನೆ. ನಿನ್ನೆ ತಾಲೀಮಿನಲ್ಲಿ ಅವನು ಯಾರಿಗೂ ಹೇಳದೆ ಜಾಗ ಬದಲಿಸಿ ಲೇಡಿ ಮ್ಯಾಕ್‌ಬೆತ್‌ಳ ಬೆನ್ನ ಹಿಂದಿನ ಬೀರು ಬಡಿದುಬಿಟ್ಟ. ಅವಳು ಬೆಚ್ಚಿಬಿದ್ದು ಇದ್ದ ಸಾಲೆಲ್ಲ ಮರೆತಳು. ದಕ್ಷಿಣದ ಬಾಗಿಲಲ್ಲಿ ಸದ್ದು ಕೇಳುತ್ತಿದೆ ಅನ್ನಬೇಕಿತ್ತು. ತಿರುಗಿ ನೋಡಿ, ಮೆಲ್ಲಗೆ, ‘ಸಂಬಡಿ ಈಸ್ ದೇರ್’ ಅಂದಳು. ವರ್ಷವಿಡೀ ನನ್ನ ಜೊತೆ ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ತಾನಾಗಿ ಹೇಳದ ಹುಡುಗಿ.

ಅದನ್ನೇ ಸ್ಕ್ರಿಪ್ಟ್‌ನಲ್ಲಿ ಇಟ್ಟುಕೊಂಡಿದ್ದೇನೆ. ತಪ್ಪಾ?

ಮೂಲಪಠ್ಯ

ಈ ಸಾಲಿಗೆ ನನ್ನ ತಕರಾರಿಲ್ಲ. ‘ಟೆರಿಬಲ್’ ಬಗ್ಗೆ ಆಮೇಲೆ ಮಾತಾಡೋಣ.